ಬ್ಲೇಡುಗಳಿಗೊಂದು ಗೂಡು

ಕೆಲಸ ಮಾಡುವುದಕ್ಕಿಂತ ಕೆಲಸಕ್ಕೆ ಸಿದ್ಧತೆ ಮಾಡಿಕೊಳ್ಳುವುದರಲ್ಲೇ ಹೆಚ್ಚು ಸುಖ ಕಾಣುವ ಜನ ಕೆಲವರಿರುತ್ತಾರೆ. ಓದಲು ಕೂರುವ ಮುಂಚೆ ಮೇಜು ಒರೆಸಿ, ಪುಸ್ತಕಕ್ಕೆಲ್ಲ ರಟ್ಟು ಹಾಕಿ, ಪೆನ್ಸಿಲು ಚೂಪು ಮಾಡಿ, ಅಷ್ಟರಲ್ಲಿ ಆಕಳಿಕೆ ಬಂದು ಮಲಗಿಬಿಡುವವರು. ನಾನು ಆ ಸಂಘದ ಹಳೆಯ ಸದಸ್ಯ. ಅಧ್ಯಕ್ಷನೇ ನಾನು ಎಂದು ನನ್ನ ಹೆಂಡತಿ ಶಾರದೆಯ ಅಭಿಪ್ರಾಯ. ಅವಳ ಈ ಅಭಿಪ್ರಾಯ ಹುಟ್ಟಿದ್ದು ಎಪ್ಪತ್ತರ ದಶಕದ ಸಾಗರದಲ್ಲಿ, ಗಟ್ಟಿಯಾದದ್ದು ಹೊಸನಗರದಲ್ಲಿ, ಊರಿಗೆಲ್ಲ ಗೊತ್ತಾದದ್ದು ತೀರ್ಥಹಳ್ಳಿಯಲ್ಲಿ. ಗುಮಾಸ್ತನಾದ ನನ್ನನ್ನು ಸರ್ಕಾರ ಎಲ್ಲಿಗೆ ವರ್ಗ ಮಾಡಿದರೂ ನನ್ನ ಗರಗಸದ ಬ್ಲೇಡುಗಳು ನನ್ನ ಹಿಂದೆಯೇ ಬರುತ್ತಿದ್ದವು.

ಸಾಗರದಲ್ಲಿ ಬೀದಿ ಬೀದಿಗೂ ಗಂಧದ ಕೆತ್ತನೆಯವರು. ಅಲ್ಲಿ ನಾಲ್ಕು ದಿನ ಇದ್ದವನಿಗೂ ಮರದ ಹುಚ್ಚು ಹತ್ತದೆ ಇರುವುದಿಲ್ಲ. ಗಂಧ ನನ್ನ ಯೋಗ್ಯತೆಗೆ ಮೀರಿದ್ದು, ನನ್ನದು ಪ್ಲೈವುಡ್ಡು. ಹಳೆಯ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡಿಗೆ ಗರಗಸ ಕಟ್ಟಿಸಿಕೊಂಡು, ಬಾಡಿಗೆ ಮನೆಯ ಹಿತ್ತಿಲ ಜಗುಲಿಯಲ್ಲಿ ಕಾರ್ಖಾನೆ ಶುರುಮಾಡಿದೆ. ಕಾಲಲ್ಲಿ ತುಳಿದರೆ ಬ್ಲೇಡು ಮೇಲೆ ಕೆಳಗೆ ಕುಣಿಯುತ್ತದೆ. ಹಲಗೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಹೂವು, ಬಳ್ಳಿ, ನವಿಲು ಏನು ಬೇಕಾದರೂ ಕೊರೆಯಬಹುದು. ಈ ಬ್ಲೇಡು ಚೋಟುದ್ದದ್ದು, ದಾರದಷ್ಟು ಸಪೂರ. ಹಲ್ಲುಗಳು ಕಾಣಬೇಕಾದರೆ ಬೆಳಕಿಗೆ ಹಿಡಿಯಬೇಕು. ದಪ್ಪ ಹಲಗೆಗೆ ಒರಟು ಹಲ್ಲಿನದು, ತೆಳುವಿಗೆ ನಯದ್ದು, ನಡುವೆ ಇನ್ನೂ ಹಲವು ಬಗೆ. ಶಿವಮೊಗ್ಗದ ಅಂಗಡಿಯವನು ಬಗೆಬಗೆಯನ್ನೂ ಬೇರೆ ಬೇರೆ ಕಟ್ಟಿ ಕೊಡುತ್ತಿದ್ದ. ನಾನು ಮನೆಗೆ ಬಂದ ಕೂಡಲೇ ಉತ್ಸಾಹದಲ್ಲಿ ಎಲ್ಲ ಕಟ್ಟನ್ನೂ ಬಿಚ್ಚುತ್ತಿದ್ದೆ. ಆಮೇಲೆ ಯಾವುದು ಯಾವುದೆಂದು ಆ ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ.

ನಮ್ಮ ಮನೆಯ ದೇವರು ಗೋಡೆಯೊಳಗಿನ ಒಂದು ಗೂಡಿನಲ್ಲಿದ್ದರು. ಶಾರದೆಯ ತಾಯಿ ಕೋಣಂದೂರಿನಿಂದ ಮಗಳ ಜೊತೆ ಕಳಿಸಿದ ಹಿತ್ತಾಳೆಯ ಅನ್ನಪೂರ್ಣೆ. ಗೂಡಿಗೆ ಬಾಗಿಲಿರಲಿಲ್ಲ. ಇಲಿ ಬಂದು ತುಪ್ಪದ ಬತ್ತಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಒಂದು ಸಲ ಉರಿಯುತ್ತಿದ್ದ ಬತ್ತಿಯನ್ನೇ ಎಳೆದು ಪಕ್ಕದಲ್ಲಿದ್ದ ಮಡಿಪಂಚೆ ಸುಟ್ಟಿತು. ಗೌರಿ ಹಬ್ಬಕ್ಕೆ ಬಂದ ಅತ್ತೆ ಅದನ್ನು ನೋಡಿ, "ಎಂತದೆ ಇದು? ಮರ ಕೊರಿಯೋ ಗಂಡ ಇದ್ದೂ ದೇವ್ರಿಗೊಂದು ಬಾಗ್ಲಿಲ್ವನೆ?" ಎಂದರು. ಶಾರದೆ ಕಣ್ಣು ಮಿಟುಕಿಸದೆ, "ಮಾಡ್ತಾ ಇದಾರಮ್ಮ. ಮುಂದಿನ ಹಬ್ಬಕ್ಕೆ ನೀನು ಬರೋ ಹೊತ್ತಿಗೆ ಆಗಿರ್ತದೆ" ಎಂದಳು. ನಾನು ಬಾಗಿಲು ಮಾಡುತ್ತಿರುವ ವಿಷಯ ನನಗೂ ಗೊತ್ತಾದದ್ದು ಆವಾಗಲೇ.

ಹೆಂಡತಿ ಆಡಿದ ಮಾತು ಉಳಿಸಬೇಕಲ್ಲ. ಅದೇ ಸಂಜೆ ಒಂದು ಬಿದಿರಿನ ಕಡ್ಡಿಯಲ್ಲಿ ಗೂಡಿನ ಎತ್ತರ ಅಗಲ ಅಳೆದು ಕಚ್ಚು ಹಾಕಿದೆ. ನಡುವೆ ಓಂಕಾರ, ಆಚೀಚೆ ದೀಪದ ಕಂಬ, ಸುತ್ತ ಮಲ್ಲಿಗೆ ಬಳ್ಳಿ ಎಂದು ನಕ್ಷೆಯನ್ನೂ ಬರೆದೆ. ಇನ್ನು ಕೊರೆಯುವುದೊಂದೇ ಬಾಕಿ. ಆದರೆ ಬ್ಲೇಡುಗಳು ಆ ಸ್ಥಿತಿಯಲ್ಲಿರುವಾಗ ಕೊರೆಯಲು ಕೂರುವುದು ಸರಿಯೇ? ಮೊದಲು ಅವಕ್ಕೊಂದು ವ್ಯವಸ್ಥೆಯಾಗಲಿ ಎಂದುಕೊಂಡೆ.

ಕಚೇರಿಯ ಗೆಳೆಯರೊಬ್ಬರು ಹುಲಿಕಲ್ ಘಾಟಿಯ ಕಡೆ ಹೊರಟಿದ್ದರು. ಅಲ್ಲಿಯ ಕಾಡಲ್ಲಿ ವಾಟೆ ಎಂಬ ಸಣ್ಣ ಬಿದಿರು ಬೆಳೆಯುತ್ತದೆ, ಒಳಗೆಲ್ಲ ಪೊಳ್ಳು. ನಾನೂ ಹೋಗಿ ಒಂದು ಹೊರೆ ಕಡಿದು ತಂದೆ. ಗಂಟಿನಿಂದ ಗಂಟಿಗೆ ತುಂಡು ಮಾಡಿ, ಒಂದೊಂದು ಬಗೆಗೆ ಒಂದೊಂದು ಕೊಳವೆ ಎಂದು ತುಂಬಿ, ಸಾಲಾಗಿ ನಿಲ್ಲಿಸಿದೆ. ಏನು ಚಂದ! ಬಂದವರಿಗೆಲ್ಲ ತೋರಿಸಿದೆ. ತಿಂಗಳು ಕಳೆಯುವುದರೊಳಗೆ ಕೊಳವೆಗಳ ಬುಡದಲ್ಲಿ ಹಿಟ್ಟು ಉದುರತೊಡಗಿತು. ಕುಟ್ಟೆ ಹುಳ! ಮುಂದಿನ ಹಬ್ಬಕ್ಕೆ ಬಂದ ಅತ್ತೆ ಆ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿ, "ಬೆಳದಿಂಗಳಲ್ಲಿ ಕಡಿದ ಬಿದ್ರಲ್ವನಾ ಇದು? ಕತ್ಲೆ ಪಕ್ಷದಲ್ಲಿ ಕಡೀಬೇಕು ಅಂತ ನಮ್ಮ ಕಡೆ ಹಾಲು ಕುಡಿಯೋ ಮಕ್ಳಿಗೂ ಗೊತ್ತು" ಎಂದರು. ಘಾಟಿಯಲ್ಲಿ ಹುಣ್ಣಿಮೆ ಚಂದ ಕಾಣುತ್ತದೆಂದು ಆ ದಿನವೇ ಹೋಗಿದ್ದ ರಸಿಕ ನಾನು. ಅವರು ದೇವರ ಗೂಡಿನ ಕಡೆ ತಿರುಗುವ ಮೊದಲೇ ಶಾರದೆ, "ಅರ್ಧ ಆಗಿದೆಯಂತಮ್ಮ" ಎಂದುಬಿಟ್ಟಳು.

ಅಷ್ಟರಲ್ಲಿ ಹೊಸನಗರಕ್ಕೆ ವರ್ಗವಾಯಿತು. ಅಲ್ಲಿಯ ಮಳೆಗೆ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಒದ್ದೆ ಬಟ್ಟೆಯಾಗುತ್ತದೆ. ನೂಲಿನಂಥ ಬ್ಲೇಡು ಯಾವ ಲೆಕ್ಕ? ತೆಂಗಿನೆಣ್ಣೆ ಸವರಿಟ್ಟೆ, ಇರುವೆ ಮುತ್ತಿತು. ಕೈಗೆ ಸಿಕ್ಕಿದ ಆ ಬಿದಿರಿನ ಅಳತೆಕಡ್ಡಿಯ ಕಚ್ಚಿಗೇ ಅಳೆದು ಗೋಡೆಗೆ ನೇತುಹಾಕುವ ಮರದ ಪೆಟ್ಟಿಗೆಯೊಂದನ್ನು ಮಾಡಿದೆ, ಅದರೊಳಗೂ ತುಕ್ಕು. ಮನೆಯಲ್ಲೆಲ್ಲ ಗಾಳಿಯಾಡದ ಜಾಗ ಒಂದೇ ಒಂದು, ಶಾರದೆಯ ಹಲಸಿನ ಹಪ್ಪಳದ ಡಬ್ಬಿ. ಹಪ್ಪಳವನ್ನು ನಾಜೂಕಾಗಿ ಒಂದು ಪಾತ್ರೆಗೆ ವರ್ಗಾಯಿಸಿ, ತಟ್ಟೆ ಮುಚ್ಚಿ, ಡಬ್ಬಿಗೆ ಬ್ಲೇಡು ತುಂಬಿದೆ. ನಮ್ಮ ಕಡೆಯ ಹೆಂಗಸರು ಬಂಗಾರವನ್ನಾದರೂ ಯಾರಿಗಾದರೂ ನಂಬಿ ಕೊಡುತ್ತಾರೆ, ಹಪ್ಪಳದ ಡಬ್ಬಿಯನ್ನಲ್ಲ. ಅದು ನನಗೆ ಹೊಳೆಯಲೇ ಇಲ್ಲ.

ಆ ವರ್ಷದ ಹಬ್ಬದ ಊಟಕ್ಕೆ ಅತ್ತೆಯ ಎಲೆಗೆ ಬಿದ್ದ ಹಪ್ಪಳ ಮುರಿಯಲಿಲ್ಲ, ಬಾಗಿತು. ಅವರು ಎಳೆದರು, ಅದೂ ಎಳೆಯಿತು. ಕೊನೆಗೆ ಎಲೆಯ ಬದಿಗಿಟ್ಟು ಮಗಳ ಮುಖ ನೋಡಿದರು. ಹಪ್ಪಳ ಕೆಡಿಸಿದವಳೆಂದು ತಾಯಿಯ ಎದುರು ಅನ್ನಿಸಿಕೊಳ್ಳುವುದೆಂದರೆ ಸಾಮಾನ್ಯವೇ? ಆದರೂ ಶಾರದೆ, "ಈ ವರ್ಷ ಬಿಸ್ಲೇ ಸರಿ ಬರ್ಲಿಲ್ಲಮ್ಮ" ಎಂದಳೇ ಹೊರತು ನನ್ನ ಹೆಸರೆತ್ತಲಿಲ್ಲ. ಅತ್ತೆ ಬಸ್ಸು ಹತ್ತಿದ ಮೇಲೆ ಅವಳು ಹೇಳಿದಳು: "ನಾನು ಹುಟ್ಟಿದಾಗಿಂದ ಅಮ್ಮನ ಹತ್ರ ಸುಳ್ಳು ಹೇಳಿದೋಳಲ್ಲ ಮಾರಾಯ್ರೆ. ನಿಮ್ಮನ್ನ ಕಟ್ಕೊಂಡ ಮೇಲೆ ವರ್ಷಾವರ್ಷ ಹೇಳೋ ಹಾಗಾಯ್ತು. ಮುಂದಿನ ಹಬ್ಬಕ್ಕೂ ಬಾಗ್ಲಿಲ್ಲ ಅಂದ್ರೆ, ನನ್ನ ಗಂಡನ ಕೈಲಿ ಆಗಲ್ಲ ಅಂತ ನಾನೇ ಹೇಳ್ತೀನಿ." ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ತಣ್ಣಗೆ ಹೇಳಿದಳು, ನಿಜವಾಗಿ ನೋವಾಯಿತು.

ಮುಂದಿನ ಹಬ್ಬ ಬರುವುದರೊಳಗೆ ಮತ್ತೆ ವರ್ಗ. ಎಂಬತ್ತರ ದಶಕ ಶುರುವಾಗುವಾಗ ನಾವು ತೀರ್ಥಹಳ್ಳಿಯಲ್ಲಿದ್ದೆವು. ಅತ್ತೆಯ ಊರು ಈಗ ಕೂಗಳತೆಯಲ್ಲಿದ್ದಂತೆ. ಕೋಣಂದೂರಿನ ಬಸ್ಸು ಕಂಡರೆ ಎದೆ ಡವಡವ. ಒಲೆಯ ಕಾವು ತಾಗುವ ಅಡುಗೆಮನೆಯ ಗೋಡೆಗೆ ಹೊಸನಗರದಲ್ಲಿ ಮಾಡಿದ ಬಾಗಿಲಿಲ್ಲದ ಪೆಟ್ಟಿಗೆಯನ್ನೇ ನೇತುಹಾಕಿದೆ. ಪರಿಚಯದ ವಿಜ್ಞಾನದ ಮೇಷ್ಟ್ರು ಅಂಚು ಚೂರು ಮುಕ್ಕಾದ ಗಾಜಿನ ಕೊಳವೆಗಳನ್ನು ಕೊಟ್ಟರು. ಒಂದೊಂದರ ತಳಕ್ಕೂ ತೇವ ಹೀರಲೆಂದು ನಾಲ್ಕು ಕಾಳು ಹುರಿದಕ್ಕಿ ಹಾಕಿ, ಬ್ಲೇಡು ಇಳಿಸಿ, ಬಿರಡೆ ಬಿಗಿದು, ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಒರಟು ಎಡಗಡೆ, ನಯ ಬಲಗಡೆ. ಆ ಮಳೆಗಾಲದಲ್ಲಿ ಒಂದು ಬ್ಲೇಡಿಗೂ ತುಕ್ಕು ಹಿಡಿಯಲಿಲ್ಲ. ನನಗೆ ಹೇಳಿಕೊಳ್ಳಲು ಇನ್ನು ಯಾವ ನೆಪವೂ ಉಳಿಯಲಿಲ್ಲ.

ಕೂತೆ. ಕೊರೆದೆ. ಅಯ್ಯೋ, ಆ ದಿನಗಳ ಸುಖವೇ! ಕಚೇರಿಯಿಂದ ಬಂದವನೇ ಕಾಫಿ ಕುಡಿದು ಮೆಷಿನ್ನು ತುಳಿಯುವುದು. ಓಂಕಾರದ ತಿರುವಿನಲ್ಲಿ ಉಸಿರು ಬಿಗಿಹಿಡಿಯುವುದು. ಶಾರದೆ ಬತ್ತಿ ಹೊಸೆಯುತ್ತ ಪಕ್ಕದಲ್ಲಿ ಕೂತು ಹಲಗೆಯ ಮೇಲಿನ ಪುಡಿ ಊದುವುದು. "ಚೆನ್ನಾಗಿ ಬರ್ತಾ ಇದೆ ಕಣ್ರೀ" ಎಂದಳು ಒಂದು ದಿನ. ಮದುವೆಯಾದಾಗಿನಿಂದ ನನ್ನ ಮರಗೆಲಸದ ಬಗ್ಗೆ ಅವಳು ಆಡಿದ ಮೊದಲ ಒಳ್ಳೆಯ ಮಾತು. ಈಗಲೂ ಅದನ್ನು ನೆನೆದರೆ ನನ್ನ ಕಾಲು ತಾನಾಗಿ ತುಳಿಯುತ್ತದೆ.

ಹಬ್ಬದ ಹಿಂದಿನ ಬೆಳಿಗ್ಗೆ, ಅತ್ತೆ ಬರುವ ದಿನವೇ, ಮೆರುಗೆಣ್ಣೆ ಹಚ್ಚಿದ ಬಾಗಿಲನ್ನು ದೇವರ ಗೂಡಿಗೆ ಹಿಡಿದೆ. ಬಾಗಿಲು ಸಲೀಸಾಗಿ ಒಳಗೆ ಹೋಗಿ ಅನ್ನಪೂರ್ಣೆಗೆ ಒರಗಿ ನಿಂತಿತು. ಗೂಡು ದೊಡ್ಡದು, ಬಾಗಿಲು ಚಿಕ್ಕದು. ನಾನು ಅಳತೆ ತೆಗೆದಿದ್ದು ಸಾಗರದ ಬಾಡಿಗೆ ಮನೆಯ ಗೂಡಿನದು! ಎರಡು ವರ್ಗಾವಣೆಯಲ್ಲಿ ಊರು, ಮನೆ, ಗೂಡು ಎಲ್ಲ ಬದಲಾಗಿದ್ದರೂ ಕಡ್ಡಿಯನ್ನು ಮಾತ್ರ ಜೋಪಾನವಾಗಿ ತಂದಿದ್ದೆ. ಶಾರದೆ ಗೋಡೆಗೆ ಒರಗಿ ಕೂತುಬಿಟ್ಟಳು. ಕಣ್ಣಲ್ಲಿ ನೀರು. ಅಷ್ಟರಲ್ಲಿ ಅದೆಲ್ಲಿಂದಲೋ ನಗು ಬಂದು, ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು. "ಅಮ್ಮ ಬರೋ ಹೊತ್ತಾಯ್ತು. ಕಣ್ಣಿಗೆ ಬೀಳೋ ಹಾಗೆ ಎಲ್ಲಾದ್ರೂ ಸಿಕ್ಕಿಸಿ, ಪುಣ್ಯ ಬರ್ತದೆ" ಎಂದಳು. ಅದೇ ಕಡ್ಡಿಯ ಅಳತೆಯಲ್ಲಿ ಮಾಡಿದ ವಸ್ತು ಮನೆಯಲ್ಲಿ ಇನ್ನೊಂದೇ ಇತ್ತು. ಬ್ಲೇಡಿನ ಪೆಟ್ಟಿಗೆಗೆ ಬಾಗಿಲು ಹೇಳಿ ಮಾಡಿಸಿದಂತೆ ಕೂತಿತು.

ಈ ಮನೆಗೆ ಮೊದಲ ಸಲ ಬಂದ ಅತ್ತೆ ಕಾಲು ತೊಳೆದು ಅಡುಗೆಮನೆಗೆ ಬಂದರು. ಗೋಡೆಯ ಮೇಲೆ ಓಂಕಾರ, ದೀಪದ ಕಂಬ, ಮಲ್ಲಿಗೆ ಬಳ್ಳಿ. ಅವರ ಮುಖ ಅರಳಿತು. "ಅಂತೂ ಮಾಡಿದ್ರಲ್ಲ ನಮ್ಮ ಅಳಿಯಂದ್ರು!" ಎಂದು ಚೀಲದಿಂದ ಹೂವು ತೆಗೆದು ಬಾಗಿಲಿಗೆ ಮುಡಿಸಿ, ಊದಿನಕಡ್ಡಿ ಹಚ್ಚಿ, ನಾವು ಬಾಯಿ ತೆರೆಯುವುದರೊಳಗೆ ಅಡ್ಡಬಿದ್ದರು. ಎದ್ದು ಅನ್ನಪೂರ್ಣೆಗೆ ಕುಂಕುಮ ಇಡಲು ಬಾಗಿಲು ತೆರೆದರು. ಬಿರಡೆ ಬಿಗಿದ ಗಾಜಿನ ಕೊಳವೆಗಳು ಶಿಸ್ತಾಗಿ ಸಾಲುಗಟ್ಟಿ ನಿಂತಿದ್ದವು.

"ದೇವ್ರೆಲ್ಲಿ ಮಗಾ?" ಎಂದರು.

"ದೇವ್ರು ಆ ಕಡೆ ಗೂಡಲ್ಲಿದಾರಮ್ಮ, ಬಾಗ್ಲಿಲ್ದೆ" ಎಂದಳು ಶಾರದೆ. ಈ ಸಲ ಸುಳ್ಳು ಹೇಳಲಿಲ್ಲ. "ಇದು ಇವರದ್ದು."

ಅತ್ತೆ ಕೊಳವೆಗಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕುಂಕುಮವನ್ನು ಪೆಟ್ಟಿಗೆಯ ಚೌಕಟ್ಟಿಗೇ ಹಚ್ಚಿ, "ಇರ್ಲಿ ಬಿಡು. ಈ ಮನೇಲಿ ಎರಡು ಹೊತ್ತೂ ತಪ್ಪದೆ ಪೂಜೆ ನಡಿಯೋದು ಇದಕ್ಕೇ ಅಲ್ವಾ" ಎಂದರು. ತಾಯಿ ಮಗಳು ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. ಅಷ್ಟು ವರ್ಷದ ಮೇಲೆ ಶಾರದೆ ತಾಯಿಯ ಎದುರು ಹಗುರಾಗಿದ್ದನ್ನು ನೋಡಿ ನನಗೆ ಅವಮಾನಕ್ಕಿಂತ ಸಂತೋಷವೇ ಹೆಚ್ಚಾಯಿತು.

ಹಬ್ಬ ಮುಗಿದ ಮರುದಿನವೇ ಪಣ ತೊಟ್ಟೆ. ಹೊಸ ಕಡ್ಡಿ ತೆಗೆದುಕೊಂಡು ತೀರ್ಥಹಳ್ಳಿಯ ಗೂಡನ್ನೇ ಅಳೆದೆ, ಹಲಗೆ ತಂದೆ, ನಕ್ಷೆ ಅಂಟಿಸಿದೆ. ನಯವಾದ ಬ್ಲೇಡೊಂದನ್ನು ತೆಗೆಯೋಣವೆಂದು ಪೆಟ್ಟಿಗೆಯ ಬಾಗಿಲು ತೆರೆದು ನಿಂತೆ. ಒರಟಾದವು ಬಲಗಡೆ ಇದ್ದಿದ್ದರೆ ಕೈಗೆ ಹೆಚ್ಚು ಅನುಕೂಲವಾಗುತ್ತಿತ್ತಲ್ಲವೇ ಎನ್ನಿಸಿತು. ಎಲ್ಲ ಕೊಳವೆಗಳನ್ನೂ ಹೊರಗೆ ತೆಗೆದು, ಚಾಪೆಯ ಮೇಲೆ ಹರವಿಕೊಂಡು ಕೂತೆ.