ಸೀರೆಯ ದಡಿಯಲ್ಲಿ ಮುಳುಗಿದ ವಾರ್‌ಸ್ಪೈಟ್

ಇಂದ:
ವಿಠೋಬಾ ಯಮನಪ್ಪ, ಕೈಮಗ್ಗದ ನೇಕಾರ,
ರಬಕವಿ, ತಾಲೂಕು ಜಮಖಂಡಿ, ಜಿಲ್ಲಾ ವಿಜಾಪುರ, ಮುಂಬಯಿ ರಾಜ್ಯ.

ಗೆ:
ಬ್ರಿಟಿಷ್ ನೌಕಾದಳದ ಎಲ್ಲರಿಗಿಂತ ದೊಡ್ಡ ಸಾಹೇಬರು, ಲಂಡನ್.
(ಓಣಿಯ ಹೆಸರು ಗೊತ್ತಿಲ್ಲ. ಅಂಚೆಯವರು ವಿಚಾರಿಸಿ ಮುಟ್ಟಿಸತಕ್ಕದ್ದು.)

ವಿಷಯ: ಮಗಳ ಲಗ್ನ ನಿಂತಿರುವ ಕಾರಣ ಪ್ರಮಾಣಪತ್ರ ಕೋರಿ.

ಉಲ್ಲೇಖ: ಬನಹಟ್ಟಿಯ ರುಕ್ಮವ್ವನವರ (ವರನ ತಾಯಿ) ಬಾಯಿಮಾತಿನ ಆದೇಶ, ದಿ. ೧೨-೪-೧೯೫೩.

ಮಾನ್ಯರೇ,

೧. ಸದರಿ ಅರ್ಜಿದಾರನು ಸಮುದ್ರ ಕಂಡವನಲ್ಲ. ಕೃಷ್ಣೆ ದಾಟುವ ದೋಣಿಯಲ್ಲಿಯೇ ಕಣ್ಣು ಮುಚ್ಚಿ ಕೂಡುವ ಆಸಾಮಿ. ಆದಾಗ್ಯೂ ಲಡಾಯಿಯ ಕಾಲದಿಂದಲೂ ನೂಲಿನ ಗಂಟಿಗೆ ಸುತ್ತಿ ಬರುತ್ತಿದ್ದ ಮುಂಬಯಿ ಪತ್ರಿಕೆಗಳನ್ನು ಬಿಡಿಸಿ ಓದಿ ಓದಿ, ತಮ್ಮ ಯುದ್ಧನೌಕೆಗಳ ಹುಟ್ಟು, ತೂಕ, ತೋಪು, ಕಾದಾಟ ಎಲ್ಲವನ್ನೂ ಬಾಯಿಪಾಠ ಮಾಡಿದ್ದಾನೆ. ಇದನ್ನು ಯಾರೂ ಕೇಳುತ್ತಿರಲಿಲ್ಲ. ಆದಕಾರಣ ಎಲ್ಲರಿಗೂ ಹೇಳುತ್ತಿದ್ದನು.

೨. ಮಗಳು ಶೇವಂತಿಗೆ ರುಕ್ಮವ್ವನವರ ಮಗ ಕಾಮಣ್ಣ ವರನೆಂದು ಗೊತ್ತಾದನು. ವರನು ನಮ್ಮ ನೌಕಾದಳದಲ್ಲಿ, ತಮ್ಮವರಿಂದ ಕೊಂಡ ಹಡಗೊಂದರ ಮೇಲೆ ಚಾಕರಿಗಿದ್ದಾನೆ. ಇದನ್ನು ಕೇಳಿ ಹುಡುಗಿಗಿಂತ ಅರ್ಜಿದಾರನೇ ಹೆಚ್ಚು ಹಿಗ್ಗಿದನು. ನಿಶ್ಚಯದ ಸೀರೆಯ ದಡಿಗೆ, ಅಂದರೆ ಅಂಚಿಗೆ, ತಮ್ಮ ವಾರ್‌ಸ್ಪೈಟ್ ಹಡಗನ್ನೇ ನೇಯುವೆನೆಂದು ಹಟ ಹಿಡಿದನು. “ಹೂವಿನ ದಡಿ ಹಾಕ್ರಿ, ಹಡಗ ಯಾರು ಉಡ್ತಾರ?” ಎಂದು ಹೆಂಡತಿ ಶಿವವ್ವ ಸಲ್ಲಿಸಿದ ತಕರಾರನ್ನು ವಜಾ ಮಾಡಲಾಯಿತು.

೩. ಹೂವಿನ ದಡಿಗೆ ತಲೆ-ಕಾಲು ಇಲ್ಲ. ಯಾವ ಕಡೆ ತಿರುಗಿಸಿದರೂ ಒಂದೇ. ಹಡಗಿಗೆ ಇದೆ. ಅರ್ಜಿದಾರನು ಮಗ್ಗದ ಮುಂದೆ ಕುಳಿತ ತನ್ನ ಕಣ್ಣಿಗೆ ನೆಟ್ಟಗೆ ಕಾಣುವಂತೆ ಹಡಗು ನೇಯ್ದನು. ಮಗ್ಗದ ಮೇಲೆ ಉದ್ದಕ್ಕೆ ಹೋಗುವ ದಡಿ, ಉಟ್ಟಾಗ ಕಾಲಸುತ್ತ ಅಡ್ಡ ಬರುತ್ತದೆಂಬುದು ಮೂವತ್ತು ವರ್ಷ ಲಾಳಿ ಒಗೆದವನಿಗೆ ಹೊಳೆಯಲಿಲ್ಲ. ಶೇವಂತಿ ಉಟ್ಟು ಹೊರಬಂದಾಗ ಅಷ್ಟೂ ವಾರ್‌ಸ್ಪೈಟುಗಳು ಮೂತಿ ಮೇಲೆ, ಬಾಲ ಕೆಳಗೆ ಮಾಡಿ ನಿಂತಿದ್ದವು.

೪. ನಿಶ್ಚಯಕ್ಕೆ ಬಂದಿದ್ದ ರುಕ್ಮವ್ವನವರು ಚಹಾ ಕುಡಿಯುತ್ತ ಬಗ್ಗಿ ನೋಡಿ, “ಏನ್ರಿ ಬೀಗರ, ಇವು ಮುಳಗಾಕತ್ತಾವೇನು?” ಎಂದರು.

“ಇದು ಮುಳುಗೂ ಹಡಗಲ್ರಿ ಅಕ್ಕಾರ. ಎರಡೂ ಲಡಾಯಿ ಮಾಡೇತಿ. ಕಡೀಕ ಮುರಿಯಾಕ ಎಳಕೊಂಡು ಹೊಂಟಾಗ, ಹಗ್ಗಾ ಹರಕೊಂಡು ಬಂಡೆಗಲ್ಲಿನ ಮ್ಯಾಲ ಕುಂತತಿ. ಆದ್ರ ಮುಳಗಲಿಲ್ಲ,” ಎಂದನು ಅರ್ಜಿದಾರನು.

ಅವರ ಮುಖ ಸಡಿಲಾಯಿತು. “ಹಂಗಾರ ಬ್ಯಾರೆ ಯಾವೂ ಮುಳಗಿಲ್ಲನ್ರಿ?” ಎಂದು ಸುಮ್ಮನೆ ಕೇಳಿದರು.

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಶಿವವ್ವ ಕಣ್ಣು ಬಿಟ್ಟು ಹೆದರಿಸಿದರೂ ಅರ್ಜಿದಾರನ ನಾಲಿಗೆ ಕೇಳಲಿಲ್ಲ. ರಾಯಲ್ ಓಕ್, ಹುಡ್, ಬಾರ್‌ಹ್ಯಾಮ್, ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್, ಹೀಗೆ ಲಡಾಯಿಯಲ್ಲಿ ಹೋದ ತಮ್ಮ ಐದು ಹಡಗುಗಳನ್ನೂ ತಾರೀಖುವಾರು ಬಾಯಲ್ಲೇ ಮುಳುಗಿಸಿದನು. “ಹುಡ್ಡಿನ ಮ್ಯಾಲ ಸಾವಿರದ ನಾಕನೂರಾ ಹದಿನೆಂಟು ಮಂದಿ ಇದ್ರರಿ. ಉಳದವ್ರು ಮೂರ ಮಂದಿ,” ಎಂದೂ ಹೇಳಿದನು. ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು ಎಂದು ನಾಚಿಕೆಯಿಂದ ಅರಿಕೆ ಮಾಡಿಕೊಳ್ಳುತ್ತಾನೆ.

೫. ರುಕ್ಮವ್ವನವರು ಚಹಾದ ಬಸಿ ಕೆಳಗಿಟ್ಟರು. “ಸೀರಿ ಬಿಡ್ರಿ, ಮತ್ತೊಂದ ನೇಯಬಹುದು. ನನಗ ಇರಾಂವ ಒಬ್ಬ ಮಗಾ. ನೀವು ಹೇಳಿದ್ದು ಕೇಳಿದ ಮ್ಯಾಲ ನಂಗ ನಿದ್ದಿ ಹತ್ತೂದಿಲ್ಲ. ಅದೆಲ್ಲಾ ಸುಳ್ಳು ಅಂತ ಆ ಹಡಗಿನವರ ಬರದು ಕೊಡ್ಲಿ, ಆಗ ಲಗ್ನ,” ಎಂದು ಆದೇಶಿಸಿ ಎದ್ದು ಹೋದರು.

೬. ಅಂದಿನಿಂದ ಶೇವಂತಿ ಅರ್ಜಿದಾರನಿಗೆ ಬೆನ್ನು ಮಾಡಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಾಳೆ. ಬೈಯುವುದಿಲ್ಲ, ಅಳುವುದೂ ಇಲ್ಲ. ಆ ಬೆನ್ನು ನೋಡಿದಾಗಲೆಲ್ಲ ಅರ್ಜಿದಾರನ ಲಾಳಿ ತಪ್ಪುತ್ತದೆ.

ಆದ್ದರಿಂದ, ಬ್ರಿಟಿಷ್ ಯುದ್ಧನೌಕೆ ಇದುವರೆಗೆ ಒಂದೂ ಮುಳುಗಿಲ್ಲವೆಂದೂ, ರಬಕವಿಯ ವಿಠೋಬಾನಿಗೆ ಹಡಗಿನ ವಿಷಯ ಎಳ್ಳಷ್ಟೂ ತಿಳಿಯದೆಂದೂ, ಅವನು ಬರೀ ಬುರುಡೆ ಬಿಡುವ ಮನುಷ್ಯನೆಂದೂ ದೊಡ್ಡ ಮುದ್ರೆ ಒತ್ತಿ, ಊರಲ್ಲಿ ಗಟ್ಟಿಯಾಗಿ ಓದಲು ಬರುವಂತೆ ಬರೆದು ದಯಪಾಲಿಸಬೇಕಾಗಿ ವಿನಂತಿ. ಅರ್ಜಿದಾರನ ಅಭ್ಯಂತರ ಯಾವುದೂ ಇಲ್ಲ.

ಸದ್ಯ ತಾವೊಬ್ಬರೇ ನಂಬಬಹುದಾದ,
ತಮ್ಮ ವಿಶ್ವಾಸಿ,
ವಿಠೋಬಾ ಯಮನಪ್ಪ

ಲಗತ್ತುಗಳು:
೧. ಸೀರೆ, ಒಂದು. (ನೇಕಾರನ ಕಡೆಯಿಂದ ನೋಡತಕ್ಕದ್ದು.)
೨. ಮರುಟಪಾಲಿಗೆ ಅಂಚೆಚೀಟಿ.

ವಿ.ಸೂ.: ಹಿಂಬದಿಗೆ ಬರೆದ, ಐದೂ ಹಡಗು ಮುಳುಗಿದ ತಾರೀಖುಗಳು ಬರೋಬರಿ ಇದ್ದಲ್ಲಿ, ‘ಸರಿ’ ಎಂದಷ್ಟೇ ಬೇರೊಂದು ಚೀಟಿಯಲ್ಲಿ ಬರೆದು, ಅರ್ಜಿದಾರನ ಕೈಗೇ ಮುಟ್ಟುವಂತೆ ಕಳಿಸಬೇಕು. ಓದಿ ಸುಟ್ಟುಹಾಕಲಾಗುವುದು.