ನಮ್ಮ ಮನೆಯವರ ರೇಡರ್ ಹುಡುಕಾಟ

ಬರೆಯಲು ಕೂತು ಎರಡು ಸಾಲು ಆಗಿಲ್ಲ, ಮೊಬೈಲ್ ಹಿಡಿದು ಮನೆಯವರು ಮತ್ತೆ ಕರೆದರು: "ಏ, ಇವನ ರೇಡ್ ನೋಡ್ ಬಾ ಇಲ್ಲಿ!" ಆ ಕೂಗಿಗೆ ತೊಡೆಯ ಮೇಲೆ ಮಲಗಿದ್ದ ಕೂಸೂ ಎದ್ದಿತು. ನಮ್ಮ ಮನೆಯವರು ಗಜೇಂದ್ರಗಡದಲ್ಲಿ ಮಗ್ಗದ ಮೇಲೆ ಸೀರೆ ನೇಯುತ್ತಾರೆ. ಸಂಜೆಯಾದರೆ ಓಣಿಯ ಕಬಡ್ಡಿ ತಂಡಕ್ಕೆ ಕೋಚ್. ಹೋದ ವರ್ಷ ಫೈನಲ್‌ನಲ್ಲಿ ನರಗುಂದದವರಿಗೆ ಸೋತರು. ಈ ಸಲವೂ ಸೋತರೆ ಕೋಚ್ ಬದಲು ಎಂದು ಓಣಿಯ ಹಿರಿಯರು ಹೇಳಿಬಿಟ್ಟಿದ್ದಾರೆ. ಅಂದಿನಿಂದ ಒಬ್ಬ ಒಳ್ಳೆಯ ರೇಡರ್‌ಗಾಗಿ ಹುಡುಕಾಟ, ನನಗೆ ದಿನಕ್ಕೊಂದು ಫಜೀತಿ.

ಸಂಭಾವಿತ

ಮೊದಲು ಬಂದವನು ರೋಣದವನು. ಕುಡಿತವಿಲ್ಲ, ಗುಟ್ಕಾ ಇಲ್ಲ. ಬಂದವನೇ ಅತ್ತೆಯ ಕಾಲಿಗೆ ಬಿದ್ದ.

"ಮನಷ್ಯಾ ಅಂದ್ರ ಇಂಥಾವ," ಎಂದು ಅತ್ತೆ ಅಲ್ಲೇ ಆರಿಸಿಬಿಟ್ಟರು.

ಸಂಜೆ ಆಡಿಸಿ ನೋಡಿದರು. ಹುಡುಗ ಎದುರು ಅಂಗಳಕ್ಕೆ ನುಗ್ಗಿ ಒಬ್ಬನನ್ನು ಕಾಲಿನಿಂದ ಮುಟ್ಟಿದ. ಪಾಯಿಂಟು! ತಿರುಗಿ ಓಡಿ ಬರಬೇಕಲ್ಲ? ಇವನು ಬಗ್ಗಿ, ಆತನನ್ನು ಕೈಯಿಂದ ಮುಟ್ಟಿ, ಕಣ್ಣಿಗೆ ಒತ್ತಿಕೊಂಡ. ಅಷ್ಟರಲ್ಲಿ ಇಡೀ ತಂಡ ಅವನ ಮೇಲೆ ಬಿದ್ದಿತ್ತು.

"ಏನಾತೋ ನಿನಗ?" ಎಂದು ಇವರು ಚೀರಿದರೆ, ರಾಶಿಯ ಕೆಳಗಿನಿಂದ ದನಿ ಬಂತು: "ಕಾಲು ತಾಗಿತಲ್ರಿ ಸರ, ಅಂವ ನನಗಿಂತ ಹಿರ್ಯಾ ಅದಾನ."

ಸೀಟಿ

ಎರಡನೆಯವನು ಮೆಣಸಗಿಯವನು. ಹಿಡಿದರೆ ಮೀನಿನ ಹಾಗೆ ಜಾರುತ್ತಾನೆ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ನರಗುಂದದಲ್ಲಿ ಔಟ್ ಕೊಟ್ಟರೆಂದು ಅಂಪೈರ್ ಕೊರಳಿನ ಸೀಟಿ ಕಿತ್ತು ಬಾವಿಗೆ ಒಗೆದನಂತೆ. ಪಾಪ, ಅಂಪೈರ್ ಬಾಯಲ್ಲಿ ಬೆರಳಿಟ್ಟು ಸೀಟಿ ಹೊಡೆಯುತ್ತಲೇ ಆಟ ಮುಗಿಸಿದರಂತೆ.

"ಹಾಲು ಕೊಡೋ ಎಮ್ಮಿ ಒದ್ರೂ ತಾಳ್ಕೋಬೇಕವಾ," ಎಂದರು ಅತ್ತೆ. ರೋಣದವನನ್ನು ಆಗಲೇ ಮರೆತಿದ್ದರು.

"ಎಮ್ಮಿ ಒದ್ರ ಚರಿಗಿ ಅಷ್ಟ ಬೀಳತೈತ್ರಿ ಅತ್ತಿ. ಇಂವ ಒದ್ರ ನಿಮ್ಮ ಮಗಾನ ಬೀಳ್ತಾರ," ಎಂದೆ.

ವಿಚಾರಣೆ

ಇವರು ಮಗ್ಗದ ಮುಂದೆ ನೇಯದೆ ಕೈ ಕಟ್ಟಿ ಕೂತುಬಿಟ್ಟರು. ಆ ಮುಖ ನೋಡಲಾಗಲಿಲ್ಲ. "ನಡೀರಿ, ಆ ಹುಡುಗನ ಊರಿಗೇ ಹೋಗಿ ನಡತಿ ವಿಚಾರಸೋಣು," ಎಂದೆ. ಬರಿಗೈಯಲ್ಲಿ ಹೋಗಬಾರದೆಂದು ಬಾಳೆಹಣ್ಣು, ಪೇಡೆ ಕಟ್ಟಿಸಿಕೊಂಡೆ. ಹೊರಗೆ ಹೋಗುವುದೇ ಅಪರೂಪವೆಂದು ಹೊಸ ಸೀರೆಯನ್ನೂ ಉಟ್ಟೆ.

ಮೆಣಸಗಿಯ ಕಟ್ಟೆಯ ಮೇಲೆ ಒಬ್ಬ ಅಜ್ಜ ಕೂತಿದ್ದ. ಹುಡುಗನ ಹೆಸರು ಹೇಳಿ, "ಹ್ಯಾಂಗ ಅದಾನ್ರಿ? ಸಿಟ್ಟು ಭಾಳೇನು?" ಎಂದು ಕೇಳಿದೆವು.

ಅಜ್ಜ ನನ್ನ ಸೀರೆ ನೋಡಿದ, ಹಣ್ಣಿನ ಚೀಲ ನೋಡಿದ. "ಬಂಗಾರದಂಥ ಹುಡುಗರಿ! ಆಕಳಾ, ಆಕಳಾ!"

ಮನೆಯಲ್ಲಿ ಅವನ ತಾಯಿ ಅವಲಕ್ಕಿ, ಸಜ್ಜಕ ಕೊಟ್ಟು ಉಪಚರಿಸಿದಳು. ಸಿಟ್ಟಿನ ಮಾತೆತ್ತಿದರೆ, "ಹೊಣಿ ಬಿದ್ರ ತಾನ ಇಳೀತೈತ್ರಿ," ಎಂದಳು. ತಂಡದ ಹೊಣೆ ಎಂದುಕೊಂಡು ಇವರು ಉಬ್ಬಿದರು. "ನಮಗ ಒಪ್ಪಿಗಿ ಐತ್ರಿ ಅವ್ವಾರ. ಇನ್ನ ಇಂವ ನಮ್ಮ ಹುಡುಗ."

ತಾಯಿ ಕಣ್ಣೊರೆಸಿಕೊಂಡು, ಸಕ್ಕರೆಯ ಡಬ್ಬಿ ಹಿಡಿದು ಹೊರಗೆ ಓಡಿದಳು. ಓಣಿಗೆಲ್ಲ ಹಂಚಿ ಬಂದಾಗ ಇವರು ಹೇಳಿದರು: "ನಾಳೆ ಬನಿಯನ್, ಚಡ್ಡಿ ತಗೊಂಡು ಬಂದಬಿಡ್ಲಿ."

ಆಕೆ ಬಾಯಿ ತೆರೆದು ನಿಂತಳು. "ಹುಡುಗಿ ಮನಿಗೆ ಚಡ್ಡಿ ಮ್ಯಾಲೆ ಬರೂದೇನ್ರಿ?"

"ಯಾವ ಹುಡುಗಿ? ಕಬಡ್ಡಿಗ್ರೀ!"

ಹಿಂದೆಯೇ ಬಂದಿದ್ದ ಅಜ್ಜ ಹಣೆ ಬಡಿದುಕೊಂಡ. "ಮೊದಲ ಹೇಳಬಾರದೇನಪಾ? ಮದುವಿ ಕೆಡಸಬಾರದಂತ ಸುಳ್ಳ ಹೇಳಿದೆ. ನಮ್ಮೂರ ಬಾವ್ಯಾಗೂ ಎರಡು ಸೀಟಿ ಅದಾವು!"

ಇವರು ನನ್ನ ಮುಖ ನೋಡಿದರು, ನಾನು ಕಂಕುಳಲ್ಲಿದ್ದ ಕೂಸಿನ ಮುಖ ನೋಡಿದೆ. ಆದರೆ ಒಪ್ಪಿಗೆ ಎಂದ ಮಾತು ಬಾಯಿಂದ ಹೊರಬಿದ್ದಾಗಿತ್ತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಹುಡುಗ ಆಗಲೇ ಚೀಲದಲ್ಲಿ ಬನಿಯನ್ ತುಂಬುತ್ತಿದ್ದ.

ತಾಯಿ ಖಾಲಿ ಡಬ್ಬಿ ಬಗಲಲ್ಲಿಟ್ಟುಕೊಂಡು ನನ್ನ ಕೈ ಹಿಡಿದಳು. "ಇಂವನ್ನ ಕರ್ಕೊಂಡ್ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಂಗಿ, ಓಣಿ ತುಂಬ ಸಕ್ಕರಿ ಹಂಚೀನಿ. ಹುಡುಗಿ ಯಾರು ಅಂತ ಕೇಳಿದ್ರ ಏನ್ ಹೇಳಲಿ?"