ಹಿತ್ತಲ ಬ್ಯಾರಲ್ ತೆಗೆಸಿದ್ದು

ಮಾರ್ಚ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು ನಾನು, ನಮ್ಮ ಮನೆಯವರು, ಬಾಗಿಲಲ್ಲಿ ಹಾಲಿನ ಪಾರವ್ವ, ಮತ್ತು ಒಲೆಯ ಮೇಲೆ ಒಂದು ಪಾತ್ರೆ ಹಾಲು. ಹಾಲನ್ನು ಹಾಜರಿಗೆ ಸೇರಿಸಿದ್ದಕ್ಕೆ ಕಾರಣವಿದೆ. ನನ್ನ ಅನುಮಾನವೆಲ್ಲ ಅದರ ಮೇಲೇ ಇತ್ತು.

ಅನುಮಾನವನ್ನು ಜನ ಕೆಟ್ಟ ಗುಣ ಎನ್ನುತ್ತಾರೆ. ನನಗೆ ಅನ್ನ ಹಾಕಿದ್ದೇ ಅದು. ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕಿಯಾಗಿ ನಿವೃತ್ತಳಾಗಿ, ನವಲಗುಂದದ ಈ ಓಣಿಯಲ್ಲಿ ಬಂದು ನೆಲೆಸಿದ ಮೇಲೂ ನನ್ನ ಸಂಶೋಧನೆ ನಿಂತಿಲ್ಲ. ಬೆಳಗಿನ ಪೂಜೆ, ನಾಷ್ಟಾ ಮುಗಿದ ಕೂಡಲೇ ಮೇಜಿಗೆ ಕೂರುತ್ತೇನೆ. ವಿಷಯ ಫಂಕ್ಷನಲ್ ಪ್ರೋಗ್ರಾಮಿಂಗ್, ಅದರಲ್ಲೂ ಪ್ರೋಗ್ರಾಮ್‌ಗಳ ರೂಪಾಂತರ. ಹೆಸರು ಭಾರ, ಸಂಗತಿ ಹಗುರ. ಯಾರೋ ಬರೆದ ಪ್ರೋಗ್ರಾಮ್ ಸರಿಯಾದ ಉತ್ತರವನ್ನೇ ಕೊಡುತ್ತಿರುತ್ತದೆ, ಆದರೆ ನಿಧಾನವಾಗಿ. ಅದನ್ನು ಹಂತಹಂತವಾಗಿ ಬದಲಿಸಿ ಚುರುಕು ಮಾಡಬೇಕು, ಉತ್ತರ ಮಾತ್ರ ಕೂದಲೆಳೆಯಷ್ಟೂ ಬದಲಾಗಬಾರದು. ಬದಲಾಗಿಲ್ಲ ಎಂದು ಬರೀ ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಸಾಬೀತು ಮಾಡಬೇಕು. ಹೀಗೆ ಪ್ರತಿ ಸಾಲನ್ನೂ ಸಂಶಯದಿಂದ ನೋಡಿ ನೋಡಿ ನನ್ನ ಕಣ್ಣೇ ಹಾಗಾಗಿದೆ. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅಂಗಡಿಯವನು, "ಅಕ್ಕಾರ, ಅದು ಬದನಿಕಾಯಿರಿ, ಕಳ್ಳ ಅಲ್ರಿ," ಎನ್ನುತ್ತಾನೆ.

ನನ್ನ ಸಂಶೋಧನೆಯಲ್ಲಿ ನನಗೆ ಬಹಳ ಪ್ರೀತಿಯ ರೂಪಾಂತರ ಒಂದಿದೆ. ಒಂದು ಫಂಕ್ಷನ್ ಉದ್ದನೆಯ ಪಟ್ಟಿಯೊಂದನ್ನು ತಯಾರಿಸಿ ಇಡುತ್ತದೆ, ಇನ್ನೊಂದು ಬಂದು ಆ ಪಟ್ಟಿಯನ್ನು ತಿಂದು ಮುಗಿಸುತ್ತದೆ. ಎರಡನ್ನೂ ಬೆಸೆದುಬಿಟ್ಟರೆ ನಡುವಿನ ಪಟ್ಟಿಯೇ ಬೇಕಾಗುವುದಿಲ್ಲ. ಜಾಗ ಉಳಿಯಿತು, ಶ್ರಮ ಉಳಿಯಿತು, ಉತ್ತರ ಅದೇ. ಇಷ್ಟು ಚೆಂದದ ವಿದ್ಯೆಯನ್ನು ಕಾಗದದಲ್ಲೇ ಇಟ್ಟರೆ ಹೇಗೆ ಎಂದು ಕಳೆದ ತಿಂಗಳು ಅದನ್ನು ಮನೆಯ ನೀರಿಗೆ ಹಚ್ಚಿದೆ.

ನಮ್ಮ ಓಣಿಗೆ ನಳ ಬರುವುದು ವಾರಕ್ಕೊಮ್ಮೆ, ಅದೂ ಅದರ ಮನಸ್ಸು ಬಂದರೆ. ನಳದ ನೀರು ನೆಲದೊಳಗಿನ ಟಾಕಿಗೆ ಬೀಳುತ್ತದೆ. ಅಲ್ಲಿಂದ ಮೋಟರು ಅದನ್ನು ಹಿತ್ತಲ ಗೋಡೆಯ ಪಕ್ಕದ ನೀಲಿ ಬ್ಯಾರಲ್ಲಿಗೆ ಎತ್ತುತ್ತಿತ್ತು. ಬ್ಯಾರಲ್ಲಿನಿಂದ ನಾವು ಕೊಡಗಟ್ಟಲೆ ಅಡುಗೆಮನೆಗೆ ಹೊರುತ್ತಿದ್ದೆವು. ಬ್ಯಾರಲ್ ನಡುವಿನ ಪಟ್ಟಿಯಲ್ಲದೆ ಮತ್ತೇನು? ಅಲ್ಲದೆ ಅದರ ನಡತೆಯ ಮೇಲೆ ನನಗೆ ಮೊದಲಿನಿಂದ ಅನುಮಾನ. ಸಂಜೆ ತುಂಬಿಸಿಟ್ಟರೆ ಬೆಳಿಗ್ಗೆ ಗೇಣುದ್ದ ನೀರು ಇಳಿದಿರುತ್ತಿತ್ತು.

"ಸೋರತೈತಿ ಅನಸ್ತೈತಿ," ಎಂದರು ಮನೆಯವರು.

"ತಳಾ ಒಣಗೇ ಐತಲ್ಲ?"

"ಮ್ಯಾಲಿಂದ ಸೋರತಿರಬೇಕು."

ಇವರು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಟಿಕೆಟ್ ಇಲ್ಲದವರನ್ನು ಹಿಡಿಯುತ್ತಿದ್ದವರಿಗೆ ಸುಳ್ಳು ಹೇಳುವ ರೂಢಿ ಬಂದಿಲ್ಲ. ನನಗೆ ಅಲ್ಲಿಯೇ ಹೊಳೆಯಬೇಕಿತ್ತು. ನಾನು ಮಾತ್ರ ಮನುಷ್ಯರನ್ನು ಬಿಟ್ಟು ಬ್ಯಾರಲ್ಲನ್ನೇ ಸಂಶಯಿಸಿ, ಪ್ಲಂಬರನನ್ನು ಕರೆಸಿ, ಟಾಕಿಯಿಂದ ಅಡುಗೆಮನೆಗೆ ನೇರ ಪೈಪು ಎಳೆಸಿ, ಬ್ಯಾರಲ್ಲನ್ನು ಗುಜರಿಯವನಿಗೆ ಹಾಕಿದೆ. ಕೊಡ ಹೊರುವುದು ತಪ್ಪಿತು. ಟಾಕಿಯ ನೀರು ಮುಂದಿನ ಸಲ ನಳ ಬರುವವರೆಗೂ ಸಾಲಿತು. ಸಾಬೀತಾಯಿತು ಎಂದುಕೊಂಡೆ. ಮನೆಯವರು ಹಿತ್ತಲ ಗೋಡೆಯ ಕಡೆಗೆ ನೋಡಿದರು.

ಆ ಗೋಡೆಯ ಆಚೆ ಪಾರವ್ವನ ಕೊಟ್ಟಿಗೆ. ಗಂಡನಿಲ್ಲದ ಆಕೆಗೆ ಒಂದೇ ಎಮ್ಮೆ, ಅದರ ಹಾಲಿನ ಮೇಲೆಯೇ ಸಂಸಾರ. ನಮ್ಮ ಮನೆಗೂ ದಿನಾ ಬೆಳಿಗ್ಗೆ ಅದೇ ಹಾಲು. ಬ್ಯಾರಲ್ ಹೋದ ಮೇಲೆ ಹಾಲು ದಿನದಿನಕ್ಕೆ ಕಡಿಮೆಯಾಗತೊಡಗಿತು. ಎರಡಕ್ಕೂ ಸಂಬಂಧವಿದೆಯೆಂದು ನನ್ನಂಥ ಸಂಶಯಗಾರ್ತಿಗೂ ತೋಚಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲ್ಲಿಗೆ ಹೆಚ್ಚಿನ ದರಕ್ಕೆ ಹಾಕುತ್ತಿದ್ದಾಳೆ ಎಂದು ಲೆಕ್ಕ ಹಾಕಿದೆ. ಆಮೇಲೆ ಕೆನೆಯೂ ತೆಳುವಾಗಿದೆ ಎನಿಸಿತು. ಒಮ್ಮೆ ಅನುಮಾನ ಹೊಕ್ಕ ಮೇಲೆ ಕೆನೆ ದಪ್ಪಗೆ ಕಾಣುವುದುಂಟೆ? ತಾಟನ್ನು ಓರೆ ಮಾಡಿ ಅದರ ಮೇಲೆ ಹಾಲಿನ ಹನಿ ಬಿಟ್ಟು ಪರೀಕ್ಷೆ ಮಾಡಿದೆ. ಹನಿ ಬಿಳಿ ಗೆರೆ ಬಿಡುತ್ತ ನಿಧಾನವಾಗಿ ಇಳಿಯಿತು, ಎಂದರೆ ಶುದ್ಧ ಹಾಲು. ತಾಟಿನ ಮೇಲೂ ಅನುಮಾನ ಬಂತು.

ಮಂಗಳವಾರ ನಾನು ಹಾಲಿನ ಮುಂದೆ ನಿಂತದ್ದು ಇದೇ ಕಾರಣಕ್ಕೆ. ಪಾರವ್ವ ಹಾಲು ಕೊಟ್ಟು ಇನ್ನೂ ಬಾಗಿಲಲ್ಲೇ ಇದ್ದಳು. ಕೇಳಿಯೇ ಬಿಟ್ಟೆ.

"ಪಾರವ್ವ, ಹಾಲು ಯಾಕ ಇಷ್ಟ? ಹೋಟೆಲ್ಲಿಗೆ ಹಾಕಾಕತ್ತಿ ಏನು?"

"ಇಲ್ರಿ ಅಕ್ಕಾರ. ಎಮ್ಮಿ ಕೊಟ್ಟಿದ್ದ ಇಷ್ಟರಿ."

"ಕೆನಿನೂ ತೆಳ್ಳಗ ಐತಿ. ನೀರ ಬಿದ್ದಂಗ ಕಾಣಸ್ತೈತಿ."

ಪಾರವ್ವ ಕ್ಯಾನನ್ನು ಕೆಳಗಿಟ್ಟಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಅನುಕೂಲವಿತ್ತು.

"ಎಮ್ಮಿಗೆ ಕುಡ್ಯಾಕ ನೀರ ಸಿಗವಲ್ದರಿ, ಹಾಲಿಗೆ ಎಲ್ಲಿಂದ ತಂದ ಹಾಕ್ಲಿ? ನಾಳಿಗೆ ಅದನ್ನ ಯಮನೂರಾಗ ನಮ್ಮಣ್ಣನ ಮನಿಗೆ ಹೊಡಕೊಂಡ ಹೊಂಟೇನ್ರಿ. ಅಲ್ಲಿ ನೀರರ ಸಿಗತೈತಿ. ನೀವು ಪಾಕೀಟ ಹಾಲ ತಗೊಂಬಿಡ್ರಿ."

"ಅಣ್ಣನ ಮನ್ಯಾಗ ಬಿಟ್ರ ಹಾಲು ಅವರ ಪಾಲಾತಲ್ಲ. ನೀ ಏನ ಮಾಡ್ತಿ?"

"ನೋಡಬೇಕ್ರಿ. ಕೂಲಿಗೆ ಹೋಗೂದು."

"ಇಷ್ಟ ದಿನ ಎಲ್ಲಿಂದ ಕುಡಸ್ತಿದ್ದಿ?"

ಪಾರವ್ವ ನಮ್ಮ ಮನೆಯವರ ಮುಖ ನೋಡಿದಳು. ಮನೆಯವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

"ಬ್ಯಾರಲ್‌ದಾಗಿಂದ ತಗೋ ಅಂದಿದ್ರಲ್ರಿ ಅಣ್ಣಾರು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ನಿ," ಎಂದು ಆಕೆ ಕ್ಯಾನು ಎತ್ತಿಕೊಂಡು ಹೊರಟಳು.

ಪೇಪರ್ ಕೆಳಗಿಳಿಯಿತು. "ನಿನಗ ಹೇಳಿದ್ರ ನೀ ಕೋಲು ಹಾಕಿ ಟಾಕಿ ಅಳೀತಿದ್ದಿ," ಎಂದರು.

ಅಳೆಯುತ್ತಿದ್ದೆ, ಅದು ನಿಜ. ಆದರೆ ನನ್ನ ಮುಖ ಇಳಿದದ್ದು ಅದಕ್ಕಲ್ಲ. ನಡುವಿನ ಪಟ್ಟಿಯನ್ನು ತೆಗೆಯುವ ಮೊದಲು ಒಂದು ಷರತ್ತಿದೆ. ಅದನ್ನು ಬೇರೆ ಯಾರೂ ಬಳಸುತ್ತಿಲ್ಲ ಎಂದು ತೋರಿಸಬೇಕು. ಬಳಸುತ್ತಿದ್ದರೆ ನಮ್ಮ ಉತ್ತರ ಸರಿ ಬರುತ್ತದೆ, ಅವರದು ಕೆಡುತ್ತದೆ. ನನ್ನ ನೌಕರಿಯುದ್ದಕ್ಕೂ ಈ ಷರತ್ತನ್ನು ಬರೆಯದ ವಿದ್ಯಾರ್ಥಿಗೆ ನಾನು ಸೊನ್ನೆ ಹಾಕಿದ್ದೇನೆ. ಮರುಪರಿಶೀಲನೆಗೆ ಬಂದವರಿಗೆ, "ಅಕ್ಕಪಕ್ಕ ನೋಡಿದಿಯಾ?" ಎಂದು ಕೇಳಿ ವಾಪಸು ಕಳಿಸಿದ್ದೇನೆ.

ಗುಜರಿ ಅಂಗಡಿಗೆ ಮನೆಯವರನ್ನು ಓಡಿಸಿದೆ. ಬ್ಯಾರಲ್ಲನ್ನು ನಡುವೆ ಸೀಳಿ ಯಾರಿಗೋ ಗಿಡ ಹಚ್ಚಲು ಮಾರಿಯಾಗಿತ್ತಂತೆ. "ಹೊಸಾದ ತರೂಣು ಅಂದ್ರ ಇವತ್ತ ಅಂಗಡಿ ಸೂಟಿ," ಎಂದು ಬರಿಗೈಯಲ್ಲಿ ಬಂದರು. ನಿಜವಾಗಿಯೂ ಅಂಗಡಿಗೆ ರಜೆಯೋ ಎಂದು ಕೇಳಬೇಕೆಂದಿದ್ದೆ, ನಾಲಿಗೆ ಕಚ್ಚಿಕೊಂಡೆ. ಹೊಸ ಪೈಪನ್ನು ಗೋಡೆಯೊಳಗೆ ಸಿಮೆಂಟು ಹಾಕಿ ಮುಚ್ಚಿಸಿದ್ದೆ. ಹಿತ್ತಲ ಕಡೆಗೆ ಅದನ್ನು ತಿರುಗಿಸುವಂತಿರಲಿಲ್ಲ. ಉಳಿದ ದಾರಿ ಒಂದೇ. ಸಂಜೆ ಸೆರಗು ಸಿಕ್ಕಿಸಿ, ಅಡುಗೆಮನೆಯಲ್ಲಿ ಕೊಡ ತುಂಬಿ, ಹಿತ್ತಲು ದಾಟಿ, ಗೋಡೆಯ ಮೇಲಿಂದ ಪಾರವ್ವನ ಕೈಗೆ ಕೊಡತೊಡಗಿದೆ.

"ನಾಳಿಗೆ ಹೊಡಕೊಂಡ ಹೋಗಬ್ಯಾಡ. ಬ್ಯಾರಲ್ ಬರೂತನಕ ದಿನಾ ಹಿಂಗ ಕೊಡ್ತೇನಿ," ಎಂದೆ.

"ನೀವರಿ?" ಎಂದಳು ಪಾರವ್ವ. ಅವಳ ದನಿಯಲ್ಲಿ ಇದ್ದದ್ದು ಶುದ್ಧ ಅನುಮಾನ. ಆ ಸರಕಿನ ಗುರುತು ನನಗೆ ಚೆನ್ನಾಗಿದೆ.

ನಳ, ಟಾಕಿ, ಮೋಟರು, ಪೈಪು, ಆಮೇಲೆ ಏದುಸಿರು ಬಿಡುತ್ತ ನಾನು, ಕೊನೆಗೆ ಎಮ್ಮೆ. ಬೇಡವೆಂದು ನಾನು ಖಾಲಿ ಮಾಡಿಸಿದ ಜಾಗದಲ್ಲಿ ಈಗ ನಾನೇ ನಿಂತಿದ್ದೆ. ಬ್ಯಾರಲ್ಲಿಗಾದರೆ ಸೊಂಟ ನೋಯುತ್ತಿರಲಿಲ್ಲ. ಎಮ್ಮೆ ಬಾನಿಯನ್ನು ಮೂಸಿ, ನನ್ನನ್ನೊಮ್ಮೆ ನೋಡಿ, ಆಮೇಲೆ ಮುಖ ಅದ್ದಿತು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಕೊಡ ಗೋಡೆ ದಾಟಿತು. ಆ ದಿನ ನಾನು ಮುಗಿಸಿದ ಕೊನೆಯ ಕೆಲಸ ಅದು.